ಗೇಟ್‌ವೇ ಕ್ಲೋನಿಂಗ್: ಪ್ರೈಮರ್ ಆರ್ಡರ್‌ಗೂ ಮೊದಲಿನಿಂದ ಸರಿಯಾದ ಕಾಲೊನಿ ಸಿಗುವವರೆಗೆ

ಒಂದೇ ಜೀನನ್ನು ಒಂದೇ ವೆಕ್ಟರಿಗೆ (ಜೀನನ್ನು ಹೊರುವ ಪ್ಲಾಸ್ಮಿಡ್) ಒಂದೇ ಸಲ ಕೂಡಿಸಬೇಕಾಗಿದ್ದರೆ ಗೇಟ್‌ವೇ ತಂಟೆಗೆ ಹೋಗಬೇಡಿ. ಎರಡು ರಿಸ್ಟ್ರಿಕ್ಷನ್ ಎಂಜೈಮ್, ಒಂದು ಲೈಗೇಸ್ ಇದ್ದರೆ ಆ ಕೆಲಸ ಅಗ್ಗದಲ್ಲಿ ಮುಗಿಯುತ್ತದೆ. ಆದರೆ ದಾಳಿಂಬೆಯ ಒಂದು ಜೀನನ್ನು ಮೊದಲು ಇ. ಕೋಲಿಯಲ್ಲಿ ಪ್ರೋಟೀನ್ ಮಾಡಿಸಬೇಕು, ಆಮೇಲೆ ಹಸಿರು ಬೆಳಕಿನ ಟ್ಯಾಗ್ ಹಚ್ಚಿ ಎಲೆಯಲ್ಲಿ ನೋಡಬೇಕು, ಮುಂದೆ ಅದನ್ನೇ ಗಿಡದಲ್ಲಿ ಹೆಚ್ಚು ಉತ್ಪಾದಿಸಬೇಕು ಎಂಬ ಯೋಜನೆ ಇದ್ದರೆ ಲೆಕ್ಕ ಬದಲಾಗುತ್ತದೆ. ಗೇಟ್‌ವೇ ವಿಧಾನದಲ್ಲಿ, ಒಂದು ಸಲ ಸೀಕ್ವೆನ್ಸ್ ಮಾಡಿ ಖಾತ್ರಿಪಡಿಸಿಕೊಂಡ ಜೀನನ್ನು ಮತ್ತೆ ಪಿಸಿಆರ್ ಮಾಡದೆ, ಮತ್ತೆ ಕತ್ತರಿಸದೆ, ಎಷ್ಟು ವೆಕ್ಟರಿಗೆ ಬೇಕೋ ಅಷ್ಟಕ್ಕೂ ದಾಟಿಸಬಹುದು. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಂಥ ಕಡೆ, ಬೆಳಗಾವಿ ಮತ್ತು ವಿಜಯಪುರದ ಜೀವವಿಜ್ಞಾನ ವಿಭಾಗಗಳಲ್ಲಿ ಎಂ.ಎಸ್ಸಿ., ಪಿಎಚ್‌ಡಿ ಕೆಲಸಕ್ಕೆ ಕೂತವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ಪಿಸಿಆರ್, ಜೆಲ್, ಟ್ರಾನ್ಸ್‌ಫರ್ಮೇಶನ್ ಗೊತ್ತಿದೆ ಎಂದು ಹಿಡಿದೇ ಮುಂದೆ ಹೋಗುತ್ತೇವೆ.

ಒಂದು ಮಾತು ಮೊದಲೇ. ಈ ವಿಧಾನದಲ್ಲಿ ಎಂಜೈಮಿನ ಹಂತ ಕೈಕೊಡುವುದು ಅಪರೂಪ. ಕೆಡುವುದೆಲ್ಲ ಅದರ ಹಿಂದೆ ಮುಂದೆ: ಪ್ರೈಮರಿನಲ್ಲಿ, ಆಂಟಿಬಯಾಟಿಕ್ ಆಯ್ಕೆಯಲ್ಲಿ, ಬ್ಯಾಕ್ಟೀರಿಯಾ ತಳಿಯಲ್ಲಿ. ಪ್ಲೇಟ್ ಖಾಲಿ ಬಂದ ಕೂಡಲೇ ದುಬಾರಿ ಎಂಜೈಮಿನ ಮೇಲೆ ಗೂಬೆ ಕೂರಿಸಬೇಡಿ.

ಒಳಗೆ ನಡೆಯುವುದೇನು

ಲ್ಯಾಮ್ಡಾ ಎಂಬ ವೈರಸ್ ಇ. ಕೋಲಿಯೊಳಗೆ ಹೊಕ್ಕಾಗ ಅದರ ವರ್ಣತಂತುವಿನಲ್ಲಿ ಗ್ಯಾಲ್ ಮತ್ತು ಬಯೊ ಜೀನ್‌ಗಳ ನಡುವೆ ಒಂದು ಗೊತ್ತಾದ ಜಾಗದಲ್ಲಿ ಸೇರಿಕೊಳ್ಳುತ್ತದೆ. ಸಿಕ್ಕಸಿಕ್ಕಲ್ಲಿ ಅಲ್ಲ. ಬ್ಯಾಕ್ಟೀರಿಯಾದ ಕಡೆಯ ಆ ಜಾಗಕ್ಕೆ ಅಟ್‌ಬಿ ಎಂದೂ ವೈರಸ್‌ನ ಕಡೆಯದಕ್ಕೆ ಅಟ್‌ಪಿ ಎಂದೂ ಹೆಸರು. ವೈರಸ್ ಹೀಗೆ ಸೇರಿಕೊಳ್ಳುವ ಬಗೆಯನ್ನು ಅಲನ್ ಕ್ಯಾಂಬೆಲ್ 1962ರಲ್ಲಿ ವಿವರಿಸಿದರು; ಹೋವರ್ಡ್ ನ್ಯಾಶ್ 1975ರಲ್ಲಿ ಅದೇ ಕ್ರಿಯೆಯನ್ನು ಜೀವಕೋಶದ ಹೊರಗೆ, ಟ್ಯೂಬಿನಲ್ಲೇ ಮಾಡಿ ತೋರಿಸಿದರು. ಇದನ್ನು ಕ್ಲೋನಿಂಗ್‌ಗೆ ಹೊಂದಿಸಿದ ವಿಧಾನವನ್ನು ಹಾರ್ಟ್ಲಿ, ಟೆಂಪಲ್ ಮತ್ತು ಬ್ರಾಶ್ 2000ರಲ್ಲಿ ಪ್ರಕಟಿಸಿದರು.

ಅಟ್‌ಬಿ ಮತ್ತು ಅಟ್‌ಪಿ ಕೂಡಿದರೆ ಅಟ್‌ಎಲ್ ಮತ್ತು ಅಟ್‌ಆರ್ ಹುಟ್ಟುತ್ತವೆ. ಇದು ಬಿಪಿ ಕ್ರಿಯೆ. ಅಟ್‌ಎಲ್ ಮತ್ತು ಅಟ್‌ಆರ್ ಕೂಡಿದರೆ ಮರಳಿ ಅಟ್‌ಬಿ, ಅಟ್‌ಪಿ. ಇದು ಎಲ್‌ಆರ್ ಕ್ರಿಯೆ. ಬಿಪಿ ಕ್ಲೋನೇಸ್ ಎಂಬ ಎಂಜೈಮ್ ಮಿಶ್ರಣದಲ್ಲಿ ವೈರಸ್‌ನ ಇಂಟಿಗ್ರೇಸ್ ಮತ್ತು ಇ. ಕೋಲಿಯ ಐಎಚ್‌ಎಫ್ ಎಂಬ ಪ್ರೋಟೀನ್ ಇರುತ್ತವೆ. ಎಲ್‌ಆರ್ ಕ್ಲೋನೇಸ್‌ನಲ್ಲಿ ಇವೆರಡರ ಜೊತೆಗೆ ಎಕ್ಸಿಶನೇಸ್ ಸೇರಿರುತ್ತದೆ. ಹಾಗಾಗಿ ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಟ್ಯೂಬ್‌ಗಳು ನೋಡಲು ಒಂದೇ ಥರ ಇರುತ್ತವೆ, ಮುಚ್ಚಳದ ಮೇಲೆ ದೊಡ್ಡದಾಗಿ ಬರೆದಿಡಿ. ಇಂಟಿಗ್ರೇಸ್ ತಾನೇ ಕತ್ತರಿಸಿ ತಾನೇ ಬೆಸೆಯುತ್ತದೆ. ಲೈಗೇಸ್ ಬೇಡ, ಎಟಿಪಿ ಬೇಡ.

ಗೇಟ್‌ವೇನಲ್ಲಿ ಈ ಜಾಗಗಳನ್ನು ತುಸು ತಿದ್ದಿ 1 ಮತ್ತು 2 ಎಂದು ಜೋಡಿ ಮಾಡಿದ್ದಾರೆ. ಅಟ್‌ಬಿ1 ಕೂಡುವುದು ಅಟ್‌ಪಿ1ರ ಜೊತೆ ಮಾತ್ರ, ಅಟ್‌ಬಿ2 ಕೂಡುವುದು ಅಟ್‌ಪಿ2ರ ಜೊತೆ ಮಾತ್ರ. ಇಳಕಲ್ ಸೀರೆಯ ಒಡಲ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವುದನ್ನು ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ: ಯಾವ ಎಳೆ ಯಾವುದಕ್ಕೆ ಎಂಬುದು ಮೊದಲೇ ಗೊತ್ತು, ಹಾಗಾಗಿ ಜೀನ್ ತಿರುಗಾಮುರುಗಾ ಕೂರುವ ಪ್ರಶ್ನೆಯೇ ಬರುವುದಿಲ್ಲ.

ಇನ್ನುಳಿದದ್ದು ಸಿಸಿಡಿಬಿ ಎಂಬ ವಿಷದ ಜೀನ್. ಖಾಲಿ ಡೋನರ್ ವೆಕ್ಟರ್ (ಬಿಪಿಯಲ್ಲಿ ಜೀನ್ ಮೊದಲು ಬಂದು ಕೂರುವ ಪ್ಲಾಸ್ಮಿಡ್) ಮತ್ತು ಖಾಲಿ ಡೆಸ್ಟಿನೇಶನ್ ವೆಕ್ಟರ್ (ಎಲ್‌ಆರ್‌ನಲ್ಲಿ ಜೀನ್ ಕೊನೆಗೆ ತಲುಪುವ ಪ್ಲಾಸ್ಮಿಡ್) ಎರಡರಲ್ಲೂ, ಅಟ್ ಜಾಗಗಳ ನಡುವೆ, ಇದು ಕೂತಿರುತ್ತದೆ. ಪಕ್ಕದಲ್ಲೇ ಕ್ಲೋರಾಂಫೆನಿಕಾಲ್ ತಡೆಯುವ ಜೀನ್ ಇರುತ್ತದೆ. ಸಿಸಿಡಿಬಿ ಪ್ರೋಟೀನ್ ಬ್ಯಾಕ್ಟೀರಿಯಾದ ಗೈರೇಸ್ ಎಂಜೈಮನ್ನು ಹಿಡಿದು ಕೋಶವನ್ನು ಕೊಲ್ಲುತ್ತದೆ. ನಿಮ್ಮ ಜೀನ್ ಒಳಗೆ ಬಂದರೆ ಈ ವಿಷ ಹೊರಗೆ ಹೋಗುತ್ತದೆ, ಕೋಶ ಬದುಕುತ್ತದೆ. ಬದಲಾವಣೆ ಆಗದ ವೆಕ್ಟರ್ ಹೊಕ್ಕ ಕೋಶ ಸಾಯುತ್ತದೆ. ಇಡೀ ವಿಧಾನದ ಜೀವ ಇರುವುದು ಇಲ್ಲಿ.

ಹಿಂದಿನಿಂದ ಮುಂದಕ್ಕೆ ಯೋಚಿಸಿ: ಆಂಟಿಬಯಾಟಿಕ್ ಜೋಡಿ

ಹೆಚ್ಚಿನವರು ಪ್ರೈಮರಿನಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದ್ದು ಕೊನೆಯ ವೆಕ್ಟರಿನಿಂದ. ಎಲ್‌ಆರ್ ಕ್ರಿಯೆಯ ಟ್ಯೂಬಿನಲ್ಲಿ ಎರಡು ಪ್ಲಾಸ್ಮಿಡ್ ಇರುತ್ತವೆ: ನಿಮ್ಮ ಎಂಟ್ರಿ ಕ್ಲೋನ್ (ಬಿಪಿಯಲ್ಲಿ ಜೀನ್ ಕೂತ ಡೋನರ್ ಪ್ಲಾಸ್ಮಿಡ್) ಮತ್ತು ಡೆಸ್ಟಿನೇಶನ್ ವೆಕ್ಟರ್. ಡೆಸ್ಟಿನೇಶನ್ ವೆಕ್ಟರನ್ನು ಸಿಸಿಡಿಬಿ ನೋಡಿಕೊಳ್ಳುತ್ತದೆ. ಎಂಟ್ರಿ ಕ್ಲೋನಿನಲ್ಲಿ ವಿಷ ಇಲ್ಲ. ಅದನ್ನು ತಡೆಯುವುದು ಆಂಟಿಬಯಾಟಿಕ್ ಒಂದೇ. ಎರಡೂ ಒಂದೇ ಆಂಟಿಬಯಾಟಿಕ್‌ಗೆ ಜಗ್ಗದಿದ್ದರೆ ಪ್ಲೇಟ್ ತುಂಬ ಕಾಲೊನಿ ಬರುತ್ತದೆ, ಬಹುಪಾಲು ಹಳೆಯ ಎಂಟ್ರಿ ಕ್ಲೋನೇ ಆಗಿರುತ್ತದೆ.

ಡೋನರ್ ವೆಕ್ಟರಾದ ಪಿಡೋನರ್221ರಲ್ಲಿ ಇರುವುದು ಕ್ಯಾನಮೈಸಿನ್ ತಡೆ. ಇ. ಕೋಲಿಯಲ್ಲಿ ಪ್ರೋಟೀನ್ ಮಾಡಿಸುವ ಪಿಡೆಸ್ಟ್17ರಲ್ಲಿ ಆಂಪಿಸಿಲಿನ್. ಜೋಡಿ ಸರಿ. ಗಿಡಗಳ ವೆಕ್ಟರಾದ ಪಿಕೆ7ಡಬ್ಲ್ಯುಜಿ2ರಲ್ಲಿ ಬ್ಯಾಕ್ಟೀರಿಯಾಕ್ಕೆ ಸ್ಪೆಕ್ಟಿನೊಮೈಸಿನ್. ಅದೂ ಸರಿ. ಆದರೆ ಗಿಡಗಳ ಕೆಲಸದಲ್ಲಿ ಮನೆಮಾತಾಗಿರುವ ಪಿಅರ್ಲಿಗೇಟ್ ಮತ್ತು ಪಿಎಂಡಿಸಿ ಸರಣಿಗಳು ಬ್ಯಾಕ್ಟೀರಿಯಾದಲ್ಲಿ ಕ್ಯಾನಮೈಸಿನ್‌ನವು. ಇಲ್ಲಿ ಪಿಡೋನರ್221 ಹಿಡಿದು ಹೊರಟವರು ಸಿಕ್ಕಿಬೀಳುತ್ತಾರೆ. ಮೊದಲೇ ಗೊತ್ತಿದ್ದರೆ ಜೆಂಟಮೈಸಿನ್ ತಡೆಯಿರುವ ಪಿಡೋನರ್207 ತೆಗೆದುಕೊಳ್ಳಿ. ಈಗಾಗಲೇ ಪಿಡೋನರ್221ರಲ್ಲಿ ಕೂತುಬಿಟ್ಟಿದ್ದರೂ ದಾರಿ ಇದೆ: 1 ನ್ಯಾನೊಗ್ರಾಂ ಎಂಟ್ರಿ ಕ್ಲೋನನ್ನು ಅಚ್ಚಾಗಿಟ್ಟು (ಟೆಂಪ್ಲೇಟ್) ಜೀನಿನ ಎರಡು ಬದಿಗೆ ಪ್ಲಾಸ್ಮಿಡ್ ಮೇಲೆ ಅಂಟುವ ಎಂ13 ಫಾರ್ವರ್ಡ್, ರಿವರ್ಸ್ ಪ್ರೈಮರ್‌ಗಳಿಂದ ಅಟ್‌ಎಲ್1 – ಜೀನ್ – ಅಟ್‌ಎಲ್2 ತುಂಡನ್ನು ಪಿಸಿಆರ್ ಮಾಡಿ, ಡಿಪಿಎನ್1 ಎಂಬ ಎಂಜೈಮಿನಿಂದ ಅಚ್ಚನ್ನು ತಿನ್ನಿಸಿ, ಶುದ್ಧ ಮಾಡಿದ ತುಂಡನ್ನೇ ಎಲ್‌ಆರ್‌ಗೆ ಹಾಕಿ. ತುಂಡಿಗೆ ಕ್ಯಾನಮೈಸಿನ್ ಜೀನೂ ಇಲ್ಲ, ತಾನೇ ಹೆಚ್ಚುವ ಶಕ್ತಿಯೂ ಇಲ್ಲ. ಆದರೆ ಹೊಸ ಪಿಸಿಆರ್ ಅಂದ ಮೇಲೆ ಹೊಸ ತಪ್ಪಿಗೆ ಅವಕಾಶ. ಕೊನೆಯ ಕ್ಲೋನನ್ನು ಮತ್ತೊಮ್ಮೆ ಸೀಕ್ವೆನ್ಸ್ ಮಾಡಲೇಬೇಕು.

ಪ್ಲೇಟಿಗೆ ಬಳಸುವ ಪ್ರಮಾಣ, ಒಂದು ಮಿಲಿಲೀಟರಿಗೆ ಮೈಕ್ರೊಗ್ರಾಂ ಲೆಕ್ಕದಲ್ಲಿ: ಕ್ಯಾನಮೈಸಿನ್ 50, ಆಂಪಿಸಿಲಿನ್ 100, ಜೆಂಟಮೈಸಿನ್ 10, ಸ್ಪೆಕ್ಟಿನೊಮೈಸಿನ್ 100, ಕ್ಲೋರಾಂಫೆನಿಕಾಲ್ 30.

ಪ್ರೈಮರ್

ಮುಂದಿನ (ಫಾರ್ವರ್ಡ್) ಪ್ರೈಮರಿನ ಬಾಲ, ಅಂದರೆ ಜೀನಿಗೆ ಅಂಟಿಸುವ ಅಟ್‌ಬಿ ಭಾಗ, 5′ ಕಡೆಯಿಂದ:

ಜಿ ಜಿಜಿಜಿ ಎಸಿಎ ಎಜಿಟಿ ಟಿಟಿಜಿ ಟಿಎಸಿ ಎಎಎ ಎಎಎ ಜಿಸಿಎ ಜಿಜಿಸಿ ಟಿ

ಹಿಂದಿನ (ರಿವರ್ಸ್) ಪ್ರೈಮರಿನ ಬಾಲ:

ಜಿಜಿಜಿ ಜಿಎಸಿ ಸಿಎಸಿ ಟಿಟಿಟಿ ಜಿಟಿಎ ಸಿಎಎ ಜಿಎಎ ಎಜಿಸಿ ಟಿಜಿಜಿ ಜಿಟಿ

ಎರಡೂ 29 ಬೇಸ್. ಮೊದಲ ನಾಲ್ಕು ಜಿ, ಉಳಿದ 25 ಅಟ್‌ಬಿ ಜಾಗ. ಆ ನಾಲ್ಕು ಜಿ ಅಲಂಕಾರಕ್ಕಲ್ಲ. ತುಂಡಿನ ತುದಿಯಲ್ಲಿ ಅವಿಲ್ಲದಿದ್ದರೆ ಬಿಪಿ ಕ್ರಿಯೆಯ ದಕ್ಷತೆ ಕುಸಿಯುತ್ತದೆ. ಉದ್ದ ಕಡಿಮೆ ಮಾಡಿ ದುಡ್ಡು ಉಳಿಸಲು ಹೋಗಿ ಇವನ್ನೇ ಅಳಿಸುವವರಿದ್ದಾರೆ. ಬಾಲ ಮುಗಿದ ಮೇಲೆ, 3′ ಕಡೆಗೆ, 18ರಿಂದ 25 ಬೇಸ್ ಜೀನಿನ ಭಾಗ ಸೇರಿಸಿ.

ಈಗ ರೀಡಿಂಗ್ ಫ್ರೇಮ್, ಅಂದರೆ ಬೇಸ್‌ಗಳನ್ನು ಮೂರು ಮೂರಾಗಿ ಓದುವ ಸಾಲು. ಮೇಲಿನ ಮೂರು ಮೂರರ ಗುಂಪನ್ನು ಹಾಗೆ ಬಿಡಿಸಿ ಬರೆದದ್ದು ಇದಕ್ಕೇ. ಜೀನಿನ ಮುಂದೆ ಟ್ಯಾಗ್ ಬೇಕಿದ್ದರೆ, ಅಂದರೆ ಪಿಡೆಸ್ಟ್17ರ ಹಿಸ್ಟಿಡಿನ್ ಟ್ಯಾಗ್‌ನಂತೆ, ಮುಂದಿನ ಬಾಲದ ಕೊನೆಯ ಒಂಟಿ ಟಿ ಪಕ್ಕದಲ್ಲಿ ಎರಡು ಬೇಸ್ ತುಂಬಿ, ಆಮೇಲೆ ಎಟಿಜಿ ಬರೆಯಿರಿ. ಆ ಎರಡು ಬೇಸ್ ಎಎ, ಎಜಿ ಅಥವಾ ಜಿಎ ಆಗಕೂಡದು. ಟಿ ಜೊತೆ ಸೇರಿ ಟಿಎಎ, ಟಿಎಜಿ, ಟಿಜಿಎ ಎಂಬ ನಿಲುಗಡೆ ಕೋಡಾನ್ ಆಗುತ್ತದೆ. ಟಿಸಿ ಹಾಕಿದರೆ ಚಿಂತೆಯಿಲ್ಲ. ಜೀನಿನ ಹಿಂದೆ ಟ್ಯಾಗ್ ಬೇಕಿದ್ದರೆ ಹಿಂದಿನ ಬಾಲದ ಕೊನೆಯ ಜಿಟಿ ಪಕ್ಕ ಒಂದು ಬೇಸ್ ಸೇರಿಸಿ, ಜೀನಿನ ನಿಲುಗಡೆ ಕೋಡಾನನ್ನು ಬಿಟ್ಟು ಬರೆಯಿರಿ. ಮುಂದಿನ ಟ್ಯಾಗ್ ಮಾತ್ರ ಸಾಕಿದ್ದರೆ ನಿಲುಗಡೆ ಕೋಡಾನ್ ಇರಲೇಬೇಕು. ಎರಡೂ ಬಗೆ ಬೇಕಿದ್ದರೆ ನಿಲುಗಡೆ ಇರುವ, ಇಲ್ಲದ ಎರಡು ಹಿಂದಿನ ಪ್ರೈಮರ್ ತರಿಸಿ ಎರಡು ಎಂಟ್ರಿ ಕ್ಲೋನ್ ಮಾಡಿ. ಇಲ್ಲಿ ಜಿಪುಣತನ ಮಾಡಿದವರು ಆರು ತಿಂಗಳ ಮೇಲೆ ಅದೇ ಕೆಲಸವನ್ನು ಮೊದಲಿನಿಂದ ಮಾಡುತ್ತಾರೆ. ಟ್ಯಾಗ್ ಇಲ್ಲದೆ ಇ. ಕೋಲಿಯಲ್ಲಿ ಪ್ರೋಟೀನ್ ಬೇಕಿದ್ದರೆ ರೈಬೋಸೋಮ್ ಕೂರುವ ಜಾಗವನ್ನೂ ಎಟಿಜಿಗೆ ಮುಂಚೆ ಪ್ರೈಮರಿನಲ್ಲೇ ಇಡಬೇಕಾದೀತು. ವೆಕ್ಟರಿನ ನಕ್ಷೆ ನೋಡಿಕೊಳ್ಳಿ.

ಇಡೀ ಕ್ಲೋನನ್ನು ಕಂಪ್ಯೂಟರಿನಲ್ಲಿ ಕೂಡಿಸಿ, ಟ್ಯಾಗ್‌ನಿಂದ ನಿಲುಗಡೆ ಕೋಡಾನಿನವರೆಗೆ ಅನುವಾದ ಮಾಡಿ ನೋಡದೆ ಪ್ರೈಮರ್ ಆರ್ಡರ್ ಮಾಡಬೇಡಿ. ಕಾಗದದ ಮೇಲೆ ಎಣಿಸಿ "ಬರೋಬ್ಬರಿ ಐತಿ" ಅಂದುಕೊಂಡದ್ದು ಹೆಚ್ಚಾಗಿ ಒಂದು ಬೇಸ್ ತಪ್ಪಿರುತ್ತದೆ.

ಪಿಸಿಆರ್ ಮತ್ತು ಶುದ್ಧೀಕರಣ

ದಾಳಿಂಬೆ, ಲಿಂಬೆ, ದ್ರಾಕ್ಷಿ ಎಲೆಗಳಿಂದ ಆರ್‌ಎನ್‌ಎ ತೆಗೆಯುವುದೇ ಒಂದು ಪ್ರತ್ಯೇಕ ಕಥೆ. ಫೀನಾಲ್ ಜಾತಿಯ ಪದಾರ್ಥ ವಿಪರೀತ, ಅದರಲ್ಲೂ ದಾಳಿಂಬೆಯಲ್ಲಿ ಟ್ಯಾನಿನ್. ಸಿಟಿಎಬಿ ಬಫರಿಗೆ ಪಿವಿಪಿ ಮತ್ತು ಮರ್ಕ್ಯಾಪ್ಟೊಎಥನಾಲ್ ಸೇರಿಸಿದ ವಿಧಾನ, ಎಳೆಯ ಎಲೆ, ಇಷ್ಟು ನೆನಪಿಟ್ಟರೆ ಸಾಕು. ಕಂದು ಬಣ್ಣದ ಆರ್‌ಎನ್‌ಎಯಿಂದ ಸಿಡಿಎನ್‌ಎ (ಪಿಸಿಆರ್‌ಗೆ ಅಚ್ಚಾಗುವ ಡಿಎನ್‌ಎ ಪ್ರತಿ) ಮಾಡಲು ಹೋಗಬೇಡಿ.

ತಪ್ಪು ತಿದ್ದುವ ಶಕ್ತಿಯಿರುವ ಪಾಲಿಮರೇಸ್ ಬಳಸಿ, 50 ಮೈಕ್ರೊಲೀಟರ್ ಪಿಸಿಆರ್. ಮೊದಲ 5 ಸುತ್ತಿನಲ್ಲಿ ಜೀನಿನ ಭಾಗ ಮಾತ್ರ ಅಂಟುವುದರಿಂದ ಅನೀಲಿಂಗ್ ಉಷ್ಣತೆಯನ್ನು ಆ ಭಾಗಕ್ಕೆ ತಕ್ಕಂತೆ, 55ರಿಂದ 60 ಡಿಗ್ರಿ ಇಡಿ. ಆಮೇಲಿನ 25 ಸುತ್ತಿಗೆ ಇಡೀ ಬಾಲ ಅಂಟುತ್ತದೆ. 65ರಿಂದ 68 ಡಿಗ್ರಿಗೆ ಏರಿಸಿ. ಇದರಿಂದ ಬೇಡದ ಪಟ್ಟಿಗಳು ಕಡಿಮೆಯಾಗುತ್ತವೆ. ತುದಿ ಮೊಂಡಾಗಿರಲಿ, ಎ ಬಾಲ ಇರಲಿ, ಇಂಟಿಗ್ರೇಸ್‌ಗೆ ವ್ಯತ್ಯಾಸವಿಲ್ಲ.

ಅಚ್ಚು ಸಿಡಿಎನ್‌ಎ ಬದಲು ಪ್ಲಾಸ್ಮಿಡ್ ಆಗಿದ್ದು, ಅದೂ ಕ್ಯಾನಮೈಸಿನ್‌ನದ್ದಾಗಿದ್ದರೆ ಡಿಪಿಎನ್1 ಹಂತ ಬಿಡಬೇಡಿ: ಪಿಸಿಆರ್‌ಗೆ 1 ಮೈಕ್ರೊಲೀಟರ್ ಎಂಜೈಮ್, 37 ಡಿಗ್ರಿಯಲ್ಲಿ 15ರಿಂದ 30 ನಿಮಿಷ, 80 ಡಿಗ್ರಿಯಲ್ಲಿ 20 ನಿಮಿಷ. ಮೀಥೈಲ್ ಗುರುತಿರುವ ಹಳೆಯ ಪ್ಲಾಸ್ಮಿಡನ್ನು ಅದು ಚೂರು ಮಾಡುತ್ತದೆ, ಪಿಸಿಆರ್‌ನಲ್ಲಿ ಹುಟ್ಟಿದ್ದನ್ನು ಮುಟ್ಟುವುದಿಲ್ಲ.

ಶುದ್ಧೀಕರಣದಲ್ಲಿ ನಿಜವಾದ ಶತ್ರು ಪ್ರೈಮರ್-ಡೈಮರ್. ನಿಮ್ಮ ಪ್ರೈಮರ್‌ಗಳೆರಡರಲ್ಲೂ ಪೂರ್ತಿ ಅಟ್‌ಬಿ ಜಾಗ ಇದೆ. ಅವೆರಡೇ ಒಂದಕ್ಕೊಂದು ಅಂಟಿ ನೂರು ಬೇಸಿನ ತುಂಡಾದರೆ ಅದು ಬಿಪಿ ಕ್ರಿಯೆಗೆ ನಿಮ್ಮ ಜೀನಿಗಿಂತ ರುಚಿಯಾದ ತುತ್ತು. ಚಿಕ್ಕದು ಬೇಗ ಸೇರುತ್ತದೆ, ವಿಷವನ್ನೂ ಹೊರಹಾಕುತ್ತದೆ, ಕಾಲೊನಿಯೂ ಬರುತ್ತದೆ. ಒಳಗೆ ಜೀನ್ ಮಾತ್ರ ಇರುವುದಿಲ್ಲ. ಸಾಮಾನ್ಯ ಪಿಸಿಆರ್ ಶುದ್ಧೀಕರಣ ಕಾಲಮ್ ಇಂಥ ತುಂಡನ್ನು ಪೂರ್ತಿ ತೆಗೆಯುವುದಿಲ್ಲ. ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್) ವಿಧಾನ ಅಗ್ಗ, ಕೆಲಸವೂ ಚೊಕ್ಕ: 50 ಮೈಕ್ರೊಲೀಟರ್ ಪಿಸಿಆರ್‌ಗೆ 150 ಮೈಕ್ರೊಲೀಟರ್ ಟಿಇ (ಟ್ರಿಸ್-ಇಡಿಟಿಎ ಬಫರ್) ಸೇರಿಸಿ, ಅದಕ್ಕೆ 100 ಮೈಕ್ರೊಲೀಟರ್ ಪೆಗ್ ದ್ರಾವಣ (30 ಶೇಕಡಾ ಪೆಗ್ 8000, 30 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್) ಹಾಕಿ ಚೆನ್ನಾಗಿ ಕಲಕಿ, 10,000 ಜಿ ವೇಗದಲ್ಲಿ 15 ನಿಮಿಷ ಕೋಣೆಯ ಉಷ್ಣತೆಯಲ್ಲೇ ತಿರುಗಿಸಿ, ಮೇಲಿನ ದ್ರವವನ್ನು ಹುಷಾರಾಗಿ ತೆಗೆದು 50 ಮೈಕ್ರೊಲೀಟರ್ ಟಿಇಯಲ್ಲಿ ಕರಗಿಸಿ. 300 ಬೇಸಿಗಿಂತ ಚಿಕ್ಕದು ಮೇಲೆಯೇ ಉಳಿದುಹೋಗುತ್ತದೆ. ಗುಳಿಗೆ ಕಣ್ಣಿಗೆ ಕಾಣುವುದಿಲ್ಲ, ಗಾಜಿನಂತೆ ಟ್ಯೂಬಿನ ಗೋಡೆಗೆ ಅಂಟಿರುತ್ತದೆ. ತಿರುಗಿಸುವ ಮೊದಲೇ ಟ್ಯೂಬಿನ ಹೊರಬದಿಗೆ ಪೆನ್ನಿನಿಂದ ಗುರುತು ಹಾಕಿ, ಪಿಪೆಟ್ ತುದಿಯನ್ನು ಎದುರು ಬದಿಗೆ ಇಡಿ.

ಪಟ್ಟಿಗಳು ಎರಡು ಮೂರು ಬಂದಿದ್ದರೆ ಜೆಲ್‌ನಿಂದ ಕತ್ತರಿಸಲೇಬೇಕು. ಕತ್ತರಿಸುವಾಗ ಯುವಿ ಬೆಳಕಿನಡಿ ಅರ್ಧ ನಿಮಿಷಕ್ಕಿಂತ ಹೆಚ್ಚು ಇಡದಿರಿ. ಡಿಎನ್‌ಎಗೆ ಪೆಟ್ಟಾಗುತ್ತದೆ.

ನೀರಿನ ವಿಷಯ: ವಿಜಯಪುರ, ಬಾಗಲಕೋಟೆ ಕಡೆಯ ಬೋರ್‌ವೆಲ್ ನೀರು ಗಡುಸು. ಬಟ್ಟಿ ಇಳಿಸುವ ಯಂತ್ರದ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟಿದ್ದರೆ ಅದರ ನೀರನ್ನು ಮೀಡಿಯಾಕ್ಕೆ ಬಳಸಿ, ಡಿಎನ್‌ಎಗೆ ಬೇಡ. ಕ್ಲೋನೇಸ್ ಕ್ರಿಯೆಗೆ ಪಿಎಚ್ 8.0ರ ಟಿಇ, ಅದೂ ನ್ಯೂಕ್ಲಿಯೇಸ್ ಇಲ್ಲದ ನೀರಿನಲ್ಲಿ ಮಾಡಿದ್ದು.

ಬಿಪಿ ಕ್ರಿಯೆ

ನ್ಯಾನೊಗ್ರಾಂನಲ್ಲಿ ಅಲ್ಲ, ಫೆಮ್ಟೊಮೋಲ್‌ನಲ್ಲಿ ಲೆಕ್ಕ ಹಾಕಿ. ಸೂತ್ರ ಸುಲಭ: ಬೇಕಾದ ಫೆಮ್ಟೊಮೋಲ್ × ಬೇಸ್ ಜೋಡಿ × 660 ÷ 10,00,000 = ನ್ಯಾನೊಗ್ರಾಂ. 1,200 ಬೇಸಿನ ಜೀನ್, ಬಾಲಗಳು ಸೇರಿ ಸುಮಾರು 1,260. 50 ಫೆಮ್ಟೊಮೋಲ್ ಬೇಕೆಂದರೆ 42 ನ್ಯಾನೊಗ್ರಾಂ ಸಾಕು. ಪಿಡೋನರ್221ರ ಉದ್ದ 4,762 ಬೇಸ್. 150 ನ್ಯಾನೊಗ್ರಾಂ ಅಂದರೆ ಸುಮಾರು 48 ಫೆಮ್ಟೊಮೋಲ್. ಎರಡೂ ಸಮಸಮ ಇದ್ದಾಗ ಕ್ರಿಯೆ ಹದವಾಗಿ ನಡೆಯುತ್ತದೆ. "ಒಂದಿಷ್ಟು ಹೆಚ್ಚೇ ಇರಲಿ" ಎಂದು 400 ನ್ಯಾನೊಗ್ರಾಂ ಸುರಿದರೆ ಕಾಲೊನಿ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ.

ಪೂರ್ತಿ ಕ್ರಿಯೆ 10 ಮೈಕ್ರೊಲೀಟರ್:
ಅಟ್‌ಬಿ ಪಿಸಿಆರ್ ತುಂಡು, 50 ಫೆಮ್ಟೊಮೋಲ್
ಪಿಡೋನರ್221, 150 ನ್ಯಾನೊಗ್ರಾಂ
ಟಿಇ, ಒಟ್ಟು 8 ಮೈಕ್ರೊಲೀಟರ್ ಆಗುವಷ್ಟು
ಕೊನೆಗೆ ಬಿಪಿ ಕ್ಲೋನೇಸ್ II, 2 ಮೈಕ್ರೊಲೀಟರ್

ಜೀನ್ 3 ಸಾವಿರ ಬೇಸಿನೊಳಗಿದ್ದರೆ ಎಲ್ಲವನ್ನೂ ಅರ್ಧ ಮಾಡಿ 5 ಮೈಕ್ರೊಲೀಟರ್‌ನಲ್ಲೇ ನಡೆಸಿ. ಎಂಜೈಮಿನ ಬೆಲೆ ನೋಡಿದವರು ಇದನ್ನು ಎರಡನೆಯ ಸಲ ಹೇಳಿಸಿಕೊಳ್ಳುವುದಿಲ್ಲ.

ಎಂಜೈಮ್ ಹಾಕುವ ಕ್ಷಣ ಗಮನ ಬೇಡುತ್ತದೆ. ಟ್ಯೂಬನ್ನು ಮಂಜುಗಡ್ಡೆಯ ಮೇಲೆ 2 ನಿಮಿಷ ಇಟ್ಟು ಕರಗಿಸಿ, 2 ಸೆಕೆಂಡಿನಂತೆ ಎರಡು ಸಲ ವರ್ಟೆಕ್ಸ್ ಮಾಡಿ. ಗ್ಲಿಸರಾಲ್ ತುಂಬಿದ ದ್ರವ, ಜೇನಿನಂತೆ ಎಳೆಯುತ್ತದೆ. ಪಿಪೆಟ್ ತುದಿಯನ್ನು ಆಳಕ್ಕೆ ಇಳಿಸಿದರೆ ಹೊರಗೋಡೆಗೆ ಅರ್ಧ ಮೈಕ್ರೊಲೀಟರ್ ಮೆತ್ತಿಕೊಂಡು ಬರುತ್ತದೆ. 1 ಮೈಕ್ರೊಲೀಟರ್ ಎಣಿಸಿದ್ದು ಒಂದೂವರೆ ಆಗುತ್ತದೆ, ಇಪ್ಪತ್ತು ಸಲಕ್ಕೆ ಬರಬೇಕಾದ ಟ್ಯೂಬ್ ಹದಿಮೂರಕ್ಕೆ ಮುಗಿಯುತ್ತದೆ. ತುದಿ ದ್ರವದ ಮೇಲ್ಮೈಗೆ ತಾಗಿದರೆ ಸಾಕು. ನಿಧಾನ ಎಳೆಯಿರಿ, ಒಂದೆರಡು ಸೆಕೆಂಡ್ ಕಾಯಿರಿ, ಕ್ರಿಯೆಯ ದ್ರವದೊಳಗೆ ನಿಧಾನ ಬಿಡಿ, ಅಲ್ಲೇ ಎರಡು ಸಲ ಹೀರಿ ಬಿಡಿ. ಗ್ಲಿಸರಾಲ್ ತಳಕ್ಕೆ ಇಳಿದು ಕೂರುವುದರಿಂದ ಮತ್ತೆ ಎರಡು ಸಲ ಚುಟುಕಾಗಿ ವರ್ಟೆಕ್ಸ್ ಮಾಡಿ ಕೆಳಗಿಳಿಸಿ.

ನಂತರ 25 ಡಿಗ್ರಿಯಲ್ಲಿ ಒಂದು ತಾಸು. ಕಿಟ್‌ನ ಹಾಳೆಯ ಪ್ರಕಾರ ಮಾಡುವವರು ಇದನ್ನು "ಕೋಣೆಯ ಉಷ್ಣತೆ" ಎಂದು ಬಾಯಲ್ಲಿ ಹೇಳಿಕೊಂಡು ಬೆಂಚಿನ ಮೇಲೆ ಇಟ್ಟುಬಿಡುತ್ತಾರೆ. ಮೇ ತಿಂಗಳಲ್ಲಿ ವಿಜಯಪುರದ ಏಸಿ ಇಲ್ಲದ ಕೋಣೆ 38 ಡಿಗ್ರಿ ದಾಟಿರುತ್ತದೆ. ಡಿಸೆಂಬರಿನ ಬೆಳಗಾವಿಯಲ್ಲಿ ಬೆಳಿಗ್ಗೆ 18 ಇದ್ದರೂ ಇರಬಹುದು. ಆ 25 ನಮ್ಮೂರಿನದ್ದಲ್ಲ. ಪಿಸಿಆರ್ ಯಂತ್ರದಲ್ಲಿ 25 ಡಿಗ್ರಿ ಇಟ್ಟು, ಬಿಸಿ ಮುಚ್ಚಳವನ್ನು ಬಂದ್ ಮಾಡಿ, ಟ್ಯೂಬ್ ಕೂರಿಸಿ. ಕರೆಂಟ್ ಹೋಗುವ ಸಮಯ ಗೊತ್ತಿದ್ದರೆ ಯಂತ್ರ ಯುಪಿಎಸ್ ಮೇಲಿರಲಿ. ತುಂಡು 5 ಸಾವಿರ ಬೇಸಿಗಿಂತ ಉದ್ದವಿದ್ದರೆ ರಾತ್ರಿಯಿಡೀ ಬಿಡಿ, ಕಾಲೊನಿ ಐದರಿಂದ ಹತ್ತು ಪಟ್ಟು ಹೆಚ್ಚುತ್ತದೆ.

ತಾಸು ಮುಗಿದ ಮೇಲೆ ಪ್ರೋಟೀನೇಸ್ ಕೆ 1 ಮೈಕ್ರೊಲೀಟರ್ (ಅರ್ಧ ಕ್ರಿಯೆಗೆ ಅರ್ಧ), 37 ಡಿಗ್ರಿ, 10 ನಿಮಿಷ. ಇಂಟಿಗ್ರೇಸ್ ಮತ್ತು ಐಎಚ್‌ಎಫ್ ಡಿಎನ್‌ಎಯನ್ನು ಬಿಗಿಯಾಗಿ ಹಿಡಿದಿರುತ್ತವೆ. ಅವನ್ನು ಕರಗಿಸದೆ ಕೋಶದೊಳಗೆ ಹಾಕಿದರೆ ಕಾಲೊನಿ ಬೆರಳೆಣಿಕೆಗೆ ಇಳಿಯುತ್ತದೆ. ಖಾಲಿ ಪ್ಲೇಟ್ ಹಿಡಿದು ಬಂದವರಿಗೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ.

ಎಂಜೈಮನ್ನು ತರಿಸಿದ ದಿನವೇ 5ರಿಂದ 10 ಮೈಕ್ರೊಲೀಟರ್‌ನಂತೆ ಹಂಚಿ ಮೈನಸ್ 80ರಲ್ಲಿ ಇಡಿ. ತಾನೇ ಹಿಮ ಕರಗಿಸಿಕೊಳ್ಳುವ ಮನೆಬಳಕೆಯ ಫ್ರಿಜ್‌ನ ಫ್ರೀಜರ್ ಇದಕ್ಕೆ ಬರುವುದಿಲ್ಲ, ದಿನಕ್ಕೆ ಹಲವು ಸಲ ಬಿಸಿಯಾಗುತ್ತದೆ. ಪಾರ್ಸೆಲ್ ಶನಿವಾರ ಸಂಜೆ ಬಂದು ಸೋಮವಾರದವರೆಗೆ ಆವಕ ವಿಭಾಗದಲ್ಲಿ ಬಿದ್ದಿರದಂತೆ ವಾರದ ಮೊದಲಲ್ಲೇ ಹೊರಡಿಸಲು ಹೇಳಿ, ಡ್ರೈ ಐಸ್ ಉಳಿದಿದೆಯೇ ಎಂದು ಡಬ್ಬಿ ಬಿಚ್ಚಿದ ಕೂಡಲೇ ನೋಡಿ.

ಟ್ರಾನ್ಸ್‌ಫರ್ಮೇಶನ್ ಮತ್ತು ತಳಿಯ ಗೊಂದಲ

ಇ. ಕೋಲಿಯ ಡಿಎಚ್5 ಆಲ್ಫಾ ಅಥವಾ ಟಾಪ್10 ತಳಿ ಸರಿ. ಎಫ್ ಪ್ಲಾಸ್ಮಿಡ್ ಹೊತ್ತ ತಳಿಗಳು, ಉದಾಹರಣೆಗೆ ಎಕ್ಸ್‌ಎಲ್1 ಬ್ಲೂ ಅಥವಾ ಟಾಪ್10 ಎಫ್ ಪ್ರೈಮ್, ಬೇಡವೇ ಬೇಡ. ಸಿಸಿಡಿಬಿ ಬಂದದ್ದೇ ಎಫ್ ಪ್ಲಾಸ್ಮಿಡಿನಿಂದ; ಅದರ ಮದ್ದಾದ ಸಿಸಿಡಿಎ ಕೂಡ ಅಲ್ಲೇ ಇದೆ. ಇಂಥ ತಳಿಯಲ್ಲಿ ವಿಷ ನಾಟುವುದಿಲ್ಲ, ಖಾಲಿ ವೆಕ್ಟರೂ ಕಾಲೊನಿಯಾಗಿ ನಗುತ್ತದೆ. ಹಾಗೆಯೇ ಖಾಲಿ ವೆಕ್ಟರ್ ಬೆಳೆಸಲು ಬಳಸುವ ಡಿಬಿ3.1 ಅಥವಾ ಸಿಸಿಡಿಬಿ ಸರ್ವೈವಲ್ ಕೋಶಗಳನ್ನು ಇಲ್ಲಿ ತಪ್ಪಿಯೂ ಬಳಸಬೇಡಿ. ಮೈನಸ್ 80ರಲ್ಲಿ ಎರಡೂ ಒಂದೇ ಡಬ್ಬಿಯಲ್ಲಿದ್ದರೆ ಮುಚ್ಚಳಗಳಿಗೆ ಬೇರೆ ಬಣ್ಣ ಹಚ್ಚಿ.

50 ಮೈಕ್ರೊಲೀಟರ್ ಕೋಶಕ್ಕೆ 1 ಮೈಕ್ರೊಲೀಟರ್ ಕ್ರಿಯೆ, ಹೆಚ್ಚಲ್ಲ. ಮಂಜುಗಡ್ಡೆಯಲ್ಲಿ 30 ನಿಮಿಷ, 42 ಡಿಗ್ರಿಯಲ್ಲಿ 30 ಸೆಕೆಂಡ್, ಮತ್ತೆ ಮಂಜುಗಡ್ಡೆಯಲ್ಲಿ 2 ನಿಮಿಷ, 250 ಮೈಕ್ರೊಲೀಟರ್ ಎಸ್‌ಓಸಿ ಮೀಡಿಯಾ, 37 ಡಿಗ್ರಿಯಲ್ಲಿ ಒಂದು ತಾಸು ಅಲುಗಾಡಿಸಿ. ಆಂಪಿಸಿಲಿನ್ ಆದರೆ ಈ ತಾಸನ್ನು ಕಡಿತ ಮಾಡಿದರೂ ನಡೆದೀತು. ಕ್ಯಾನಮೈಸಿನ್, ಸ್ಪೆಕ್ಟಿನೊಮೈಸಿನ್, ಜೆಂಟಮೈಸಿನ್‌ಗೆ ನಡೆಯದು, ಕೋಶ ತಡೆಯ ಪ್ರೋಟೀನ್ ಮಾಡಿಕೊಳ್ಳಲು ಹೊತ್ತು ಬೇಕು. 20 ಮತ್ತು 100 ಮೈಕ್ರೊಲೀಟರ್ ಬೇರೆ ಬೇರೆ ಪ್ಲೇಟಿಗೆ ಹರಡಿ. ಕೋಶಗಳ ದಕ್ಷತೆ ಮೈಕ್ರೊಗ್ರಾಂಗೆ ಕನಿಷ್ಠ 10 ಕೋಟಿ ಕಾಲೊನಿ ಇರಬೇಕು. ಕ್ಯಾಲ್ಸಿಯಂ ಕ್ಲೋರೈಡಿನಿಂದ ಲ್ಯಾಬ್‌ನಲ್ಲೇ ಮಾಡಿಕೊಂಡ ಕೋಶ ಎಷ್ಟೋ ಸಲ ಈ ಮಟ್ಟ ಮುಟ್ಟುವುದಿಲ್ಲ. ಪಿಯುಸಿ19 ಎಂಬ ಪರೀಕ್ಷಾ ಪ್ಲಾಸ್ಮಿಡ್ ಹಾಕಿ ಎಣಿಸಿ ನೋಡಿ.

ಪಕ್ಕದಲ್ಲಿ ಎಂಜೈಮ್ ಹಾಕದ ಒಂದು ಟ್ಯೂಬನ್ನೂ ತಪ್ಪದೆ ನಡೆಸಿ. ಮುಂದಿನ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುವುದು ಆ ಪ್ಲೇಟೇ.

ಕಾಲೊನಿ ಬಂದ ಮೇಲೆ

ಹಲ್ಲುಕಡ್ಡಿ ಪರೀಕ್ಷೆ ಎಲ್ಲಕ್ಕಿಂತ ಅಗ್ಗ. ಆಟೊಕ್ಲೇವ್ ಮಾಡಿದ ಹಲ್ಲುಕಡ್ಡಿಯಿಂದ ಒಂದು ಕಾಲೊನಿ ಮುಟ್ಟಿ, ಮೊದಲು ಕ್ಲೋರಾಂಫೆನಿಕಾಲ್ ಪ್ಲೇಟಿಗೆ, ಆಮೇಲೆ ಅದೇ ಕಡ್ಡಿಯಿಂದ ಕ್ಯಾನಮೈಸಿನ್ ಪ್ಲೇಟಿಗೆ ಗೀರಿ. ಪ್ಲೇಟಿನಡಿ ಚೌಕಳಿ ಕಾಗದ ಅಂಟಿಸಿ ಸಂಖ್ಯೆ ಹಾಕಿದ್ದರೆ ಹತ್ತು ನಿಮಿಷದಲ್ಲಿ 24 ಕಾಲೊನಿ ಮುಗಿಯುತ್ತವೆ. ಸರಿಯಾದ ಎಂಟ್ರಿ ಕ್ಲೋನ್ ಕ್ಯಾನಮೈಸಿನ್ ಮೇಲೆ ಬೆಳೆಯುತ್ತದೆ, ಕ್ಲೋರಾಂಫೆನಿಕಾಲ್ ಮೇಲೆ ಬೆಳೆಯುವುದಿಲ್ಲ. ಎರಡರಲ್ಲೂ ಬೆಳೆದರೆ ಸಿಸಿಡಿಬಿ ಮತ್ತು ಕ್ಲೋರಾಂಫೆನಿಕಾಲ್ ತಡೆಯ ತುಂಡು ಇನ್ನೂ ಒಳಗೇ ಇದೆ, ಸಿಸಿಡಿಬಿ ಎಲ್ಲೋ ಕೆಟ್ಟಿದೆ ಎಂದು ಅರ್ಥ.

ಕಾಲೊನಿ ಪಿಸಿಆರ್ ಮಾಡುವುದಾದರೆ ಒಂದು ಪ್ರೈಮರ್ ವೆಕ್ಟರಿನದ್ದು, ಒಂದು ಜೀನಿನದ್ದು ಇರಲಿ. ಎರಡೂ ಜೀನಿನವೇ ಆದರೆ ಪ್ಲೇಟಿನ ಮೇಲೆ ಹರಡಿದ ಮೂಲ ಪಿಸಿಆರ್ ತುಂಡೇ ಪಟ್ಟಿ ಕೊಡುತ್ತದೆ, ಎಲ್ಲ ಕಾಲೊನಿಯೂ ಪಾಸಾದಂತೆ ಕಾಣುತ್ತದೆ.

ಮಿನಿಪ್ರೆಪ್ ಮಾಡಿದ ಪ್ಲಾಸ್ಮಿಡ್‌ಗೆ ಬಿಎಸ್‌ಆರ್‌ಜಿ1 ಎಂಜೈಮ್ ಒಂದೇ ಸಾಕು. ಅದು ಗುರುತಿಸುವ ಟಿಜಿಟಿಎಸಿಎ ಮೇಲೆ ಬರೆದ ಎರಡೂ ಬಾಲಗಳಲ್ಲಿ ಅಡಗಿದೆ, ಬೆರಳಿಟ್ಟು ಹುಡುಕಿ ನೋಡಿ. ಎಂಟ್ರಿ ಕ್ಲೋನಿರಲಿ, ಕೊನೆಯ ಕ್ಲೋನಿರಲಿ, ಅದು ಜೀನನ್ನು ಪೂರ್ತಿ ಬಿಡಿಸಿ ಕೊಡುತ್ತದೆ. ಜೀನಿನೊಳಗೇ ಆ ಆರು ಬೇಸ್ ಇದ್ದರೆ ಪಟ್ಟಿ ಹೆಚ್ಚು ಬರುತ್ತವೆ, ಅಷ್ಟೆ. ಎರಡು ಕ್ಲೋನನ್ನು ಎಂ13 ಪ್ರೈಮರ್‌ಗಳಿಂದ ಎರಡೂ ಕಡೆ ಸೀಕ್ವೆನ್ಸ್‌ಗೆ ಕಳಿಸಿ. ಪ್ರೈಮರಿನ ಜಾಗವನ್ನೂ ಬಿಡದೆ ಓದಿ. 50 ಬೇಸಿನ ಉದ್ದದ ಪ್ರೈಮರಿನಲ್ಲಿ ಒಂದು ಬೇಸ್ ಬಿಟ್ಟುಹೋಗುವುದು ಅಪರೂಪವಲ್ಲ, ಬಿಟ್ಟುಹೋದರೆ ಫ್ರೇಮೇ ಹೋಯಿತು.

ಎಲ್‌ಆರ್ ಕ್ರಿಯೆ

ಇದು ಬಿಪಿಯ ಅವಳಿ: ಎಂಟ್ರಿ ಕ್ಲೋನ್ 50ರಿಂದ 150 ನ್ಯಾನೊಗ್ರಾಂ, ಡೆಸ್ಟಿನೇಶನ್ ವೆಕ್ಟರ್ 150 ನ್ಯಾನೊಗ್ರಾಂ, ಟಿಇ ಸೇರಿ 8 ಮೈಕ್ರೊಲೀಟರ್, ಎಲ್‌ಆರ್ ಕ್ಲೋನೇಸ್ II, 2 ಮೈಕ್ರೊಲೀಟರ್, 25 ಡಿಗ್ರಿ, ಒಂದು ತಾಸು, ಪ್ರೋಟೀನೇಸ್ ಕೆ. ಗಿಡಗಳ ವೆಕ್ಟರ್‌ಗಳು 10 ಸಾವಿರ ಬೇಸ್ ದಾಟುವುದರಿಂದ ಅವಕ್ಕೆ ರಾತ್ರಿಯಿಡೀ. ಪಿಸಿಆರ್ ಇಲ್ಲದ್ದರಿಂದ ಜೀನನ್ನು ಮತ್ತೆ ಸೀಕ್ವೆನ್ಸ್ ಮಾಡಬೇಕಿಲ್ಲ, ಕೂಡುವ ಜಾಗಗಳನ್ನು ಒಂದು ಸಲ ಓದಿಸಿದರೆ ಸಾಕು. ಬಿಪಿ, ಎಲ್‌ಆರ್ ಎರಡನ್ನೂ ಒಂದೇ ಟ್ಯೂಬಿನಲ್ಲಿ ನಡೆಸುವ ಅಡ್ಡದಾರಿಯೂ ಉಂಟು. ಸೀಕ್ವೆನ್ಸ್ ಆದ ಎಂಟ್ರಿ ಕ್ಲೋನ್ ಕೈಯಲ್ಲಿ ಉಳಿಯುವುದೇ ಈ ವಿಧಾನದ ಲಾಭವಾಗಿರುವಾಗ ಅದನ್ನು ಬಿಟ್ಟುಕೊಡುವುದು ಏಕೋ ಸರಿ ಕಾಣುವುದಿಲ್ಲ.

ಡೆಸ್ಟಿನೇಶನ್ ವೆಕ್ಟರನ್ನು ಯಾರಾದರೂ ಕೊಟ್ಟಿದ್ದರೆ ಹಾಗೆಯೇ ನಂಬಬೇಡಿ. ಡಿಎಚ್5 ಆಲ್ಫಾದಲ್ಲಿ ಯಾರೋ ಬೆಳೆಸಿದ್ದರೆ ಬದುಕಿ ಬಂದದ್ದು ಸಿಸಿಡಿಬಿ ಕೆಟ್ಟ ಪ್ಲಾಸ್ಮಿಡ್ ಮಾತ್ರ. ಪರೀಕ್ಷೆ: ಒಂದೇ ಪ್ರಮಾಣದ ವೆಕ್ಟರನ್ನು ಡಿಎಚ್5 ಆಲ್ಫಾಕ್ಕೂ ಸರ್ವೈವಲ್ ಕೋಶಕ್ಕೂ ಹಾಕಿ. ಎರಡರ ದಕ್ಷತೆ ಸಮ ಇದ್ದರೆ ಡಿಎಚ್5 ಆಲ್ಫಾದಲ್ಲಿ 10,000ಕ್ಕೆ ಒಂದರಂತೆ ಬರಬೇಕು. ಅಂದರೆ ಪ್ಲೇಟ್ ಬಹುತೇಕ ಖಾಲಿ. ಬೆಳೆಸುವಾಗ ಸರ್ವೈವಲ್ ಕೋಶ, ವೆಕ್ಟರಿನ ಸ್ವಂತ ಆಂಟಿಬಯಾಟಿಕ್, ಜೊತೆಗೆ ಕ್ಲೋರಾಂಫೆನಿಕಾಲ್.

ಎಲ್‌ಆರ್ ಪ್ಲೇಟಿನಲ್ಲಿ ದೊಡ್ಡ, ಚಿಕ್ಕ ಎರಡು ಬಗೆಯ ಕಾಲೊನಿ ಕಂಡರೆ ಎರಡು ಸಾಧ್ಯತೆ. ಆಂಪಿಸಿಲಿನ್ ಪ್ಲೇಟಿನಲ್ಲಿ ದೊಡ್ಡದರ ಸುತ್ತ ಸಾಸಿವೆಯಂತೆ ಚಿಕ್ಕವು ಮುತ್ತಿದ್ದರೆ ಅವು ಉಪಗ್ರಹ ಕಾಲೊನಿಗಳು. ಆಂಪಿಸಿಲಿನ್ ಕರಗಿಹೋದ ಜಾಗದಲ್ಲಿ ಏಳುತ್ತವೆ. ಅಗಾರ್ 50 ಡಿಗ್ರಿಗೆ ಇಳಿಯುವ ಮೊದಲೇ ಆಂಪಿಸಿಲಿನ್ ಸುರಿದಿರುತ್ತೀರಿ, ಇಲ್ಲವೇ ಪ್ಲೇಟನ್ನು 16 ತಾಸಿಗಿಂತ ಹೆಚ್ಚು ಇನ್‌ಕ್ಯುಬೇಟರಿನಲ್ಲಿ ಬಿಟ್ಟಿರುತ್ತೀರಿ. ಕಾರ್ಬೆನಿಸಿಲಿನ್ ಬಳಸಿದರೆ ಈ ಕಾಟ ತಗ್ಗುತ್ತದೆ. ಇನ್ನೊಂದು: ಒಂದೇ ಕೋಶಕ್ಕೆ ಎಂಟ್ರಿ ಕ್ಲೋನೂ ಹೊಸ ಕ್ಲೋನೂ ಎರಡೂ ಹೊಕ್ಕಿರುವುದು. ಕಾಲೊನಿಯನ್ನು ಆಂಪಿಸಿಲಿನ್ ಮೇಲೂ ಕ್ಯಾನಮೈಸಿನ್ ಮೇಲೂ ಗೀರಿ. ಎರಡರಲ್ಲೂ ಬೆಳೆದರೆ ಜೋಡಿ ಸಂಸಾರ. ಮರುಗೀರಿ ಬೇರ್ಪಡಿಸಿ, ಮುಂದಿನ ಸಲ ಎಂಟ್ರಿ ಕ್ಲೋನನ್ನು 50 ನ್ಯಾನೊಗ್ರಾಂಗೆ ಇಳಿಸಿ.

ಪ್ಲೇಟ್ ಓದುವ ಬಗೆ

ಎಂಜೈಮ್ ಹಾಕಿದ ಪ್ಲೇಟೂ ಖಾಲಿ, ಹಾಕದ ಪ್ಲೇಟೂ ಖಾಲಿ, ಆದರೆ ಪಿಯುಸಿ19 ಹಾಕಿದ ಕೋಶ ಚೆನ್ನಾಗಿ ಬೆಳೆದಿದೆ: ಪ್ರೋಟೀನೇಸ್ ಕೆ ಮರೆತಿರಾ, ಪ್ರೈಮರಿನ ನಾಲ್ಕು ಜಿ ಇವೆಯೇ, ಬಿಪಿ ಬದಲು ಎಲ್‌ಆರ್ ಟ್ಯೂಬ್ ಎತ್ತಿದಿರಾ, ಈ ಕ್ರಮದಲ್ಲಿ ನೋಡಿ. ಕಿಟ್‌ನ ಜೊತೆ ಬರುವ ಪಾಸಿಟಿವ್ ಕಂಟ್ರೋಲ್ ಕೂಡ ಸೋತರೆ ಮಾತ್ರ ಎಂಜೈಮನ್ನು ಅನುಮಾನಿಸಿ.

ಎರಡು ಪ್ಲೇಟಿನಲ್ಲೂ ನೂರಾರು ಕಾಲೊನಿ: ಅಚ್ಚಿನ ಪ್ಲಾಸ್ಮಿಡ್ ಉಳಿದಿದೆ, ಅಥವಾ ಡೋನರ್ ವೆಕ್ಟರಿನ ಸಿಸಿಡಿಬಿ ಕೆಟ್ಟಿದೆ, ಅಥವಾ ತಳಿ ತಪ್ಪಿದೆ. ಮೊದಲನೆಯದನ್ನು ಎರಡನೆಯದರಿಂದ ಬೇರ್ಪಡಿಸಲು ಹಲ್ಲುಕಡ್ಡಿ ಪರೀಕ್ಷೆ ಸಾಕು. ಅಚ್ಚಿನಿಂದ ಬಂದ ಕಾಲೊನಿ ಕ್ಲೋರಾಂಫೆನಿಕಾಲ್ ಮೇಲೆ ಸಾಯುತ್ತದೆ.

ಎಂಜೈಮ್ ಹಾಕಿದ್ದರಲ್ಲಿ ಮಾತ್ರ ಕಾಲೊನಿ ತುಂಬಿವೆ, ಬಿಎಸ್‌ಆರ್‌ಜಿ1 ಕತ್ತರಿಸಿದರೆ ಜೀನ್ ಇಲ್ಲ: ಪ್ರೈಮರ್-ಡೈಮರ್. ಪೆಗ್ ಮತ್ತೊಮ್ಮೆ.

ಎಲ್ಲ ಸರಿಯಿದ್ದೂ ಕಾಲೊನಿ ಮೂರು ನಾಲ್ಕೇ ಬಂದು, ಅವುಗಳಲ್ಲೂ ಜೀನಿನ ಮಧ್ಯೆ ಅಳಿಸಿಹೋಗಿದ್ದರೆ ಜೀನ್ ಇ. ಕೋಲಿಗೆ ವಿಷವಾಗಿರಬಹುದು. ಪ್ಲೇಟನ್ನು 30 ಡಿಗ್ರಿಯಲ್ಲಿ ಎರಡು ದಿನ ಇಟ್ಟು ನೋಡಿ.

ಕೆಲಸ ಶುರು ಮಾಡುವ ಮೊದಲು ನಿಮ್ಮ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಗೆ ಪ್ರಸ್ತಾವ ಹೋಗಿರಬೇಕು. ಕ್ಲೋನನ್ನು ಗಿಡಕ್ಕೆ ಹಾಕುವ ಯೋಜನೆ ಇದ್ದರೆ ಅದನ್ನೂ ಅದರಲ್ಲೇ ಬರೆಯಿರಿ. ಪ್ಲೇಟ್, ಹಲ್ಲುಕಡ್ಡಿ, ಕಲ್ಚರ್ ಎಲ್ಲವೂ 121 ಡಿಗ್ರಿಯಲ್ಲಿ 30 ನಿಮಿಷ ಆಟೊಕ್ಲೇವ್ ಆದ ಮೇಲೆಯೇ ಕಸದ ಬುಟ್ಟಿಗೆ. ಸೀಕ್ವೆನ್ಸ್ ಸರಿಬಂದ ಎಂಟ್ರಿ ಕ್ಲೋನನ್ನು 20 ಶೇಕಡಾ ಗ್ಲಿಸರಾಲ್‌ನಲ್ಲಿ ಎರಡು ಟ್ಯೂಬ್ ಮಾಡಿ, ಎರಡು ಬೇರೆ ಬೇರೆ ಫ್ರೀಜರಿನಲ್ಲಿಡಿ. ಟ್ಯೂಬಿನ ಮೇಲೆ ಜೀನಿನ ಹೆಸರು, ಡೋನರ್ ವೆಕ್ಟರಿನ ಹೆಸರು, ನಿಲುಗಡೆ ಕೋಡಾನ್ ಇದೆಯೋ ಇಲ್ಲವೋ, ತಾರೀಖು ಬರೆಯಿರಿ. ನಿಲುಗಡೆಯ ವಿಷಯವನ್ನು ಬರೆಯದ ಟ್ಯೂಬನ್ನು ಎರಡು ವರ್ಷದ ಮೇಲೆ ಬರುವ ವಿದ್ಯಾರ್ಥಿ ಮತ್ತೆ ಸೀಕ್ವೆನ್ಸ್‌ಗೆ ಕಳಿಸಬೇಕಾಗುತ್ತದೆ.